ಕೈಯಾಟದ ಯಂತ್ರಕ್ಕೆ ಕಿಸೆಗೂ ಕಿವಿಗೂ ಹಿತವಾದ ಹೆಡ್‌ಫೋನ್

ದಾದರ್: ಮಹಾನಗರದ ಕನ್ನಡಿಗರ ಮನೆಗಳಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರಗಳು ಈಗ ಅಪರೂಪದ ವಸ್ತುಗಳಾಗಿ ಉಳಿದಿಲ್ಲ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ಬಂಧುಗಳು ತಂದುಕೊಟ್ಟ ನಿಂಟೆಂಡೊ ಸ್ವಿಚ್ ಇರಬಹುದು, ದುಡಿಯುವ ಮಗ ಕೂಡಿಟ್ಟ ಹಣದಲ್ಲಿ ಕೊಂಡ ಸ್ಟೀಮ್ ಡೆಕ್ ಅಥವಾ ಆರ್‌ಒಜಿ ಅಲೈ ಇರಬಹುದು. ಯಂತ್ರಕ್ಕೆ ಇಷ್ಟೆಲ್ಲ ವ್ಯಯಿಸಿದ ಬಳಿಕ ಹೆಡ್‌ಫೋನಿಗೆ ಉಳಿಯುವುದು ಅಲ್ಪ ಮೊತ್ತ. ಒಂದೇ ಕೋಣೆಯಲ್ಲಿ ಅಜ್ಜಿಯ ನಿದ್ದೆ, ತಂಗಿಯ ಓದು, ಅಣ್ಣನ ಆಟ ಮೂರೂ ನಡೆಯಬೇಕಾದ ಮುಂಬಯಿಯ ಮನೆಗಳಲ್ಲಿ ಹೆಡ್‌ಫೋನ್ ಇಲ್ಲದೆ ಆಟವೂ ಇಲ್ಲ. ಆದ್ದರಿಂದ ಅಲ್ಪ ಬೆಲೆಯಲ್ಲಿ ಯೋಗ್ಯವಾದುದನ್ನು ಆರಿಸುವ ಬಗೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲ ಪ್ರಶ್ನೆ, ತಂತಿ ಇರುವುದೋ ಇಲ್ಲದ್ದೋ ಎಂಬುದು. ಇಂದು ಅಂಗಡಿಗಳ ತುಂಬ ಬ್ಲೂಟೂತ್‌ನದೇ ಮೆರವಣಿಗೆ. ಆದರೆ ಆಟಕ್ಕೆ ಅದರಲ್ಲೊಂದು ಕೊರತೆಯಿದೆ. ಬ್ಲೂಟೂತ್ ಸಾಧನವು ಧ್ವನಿಯನ್ನು ಮೊದಲು ಸಂಕುಚಿತಗೊಳಿಸಿ, ಗಾಳಿಯಲ್ಲಿ ಕಳುಹಿಸಿ, ಮತ್ತೆ ಬಿಡಿಸಿ ಕಿವಿಗೆ ಮುಟ್ಟಿಸಬೇಕು. ಸಾಮಾನ್ಯ ಸಾಧನಗಳಲ್ಲಿ ಇದಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಹಿಡಿಯುತ್ತದೆ. ಚಲನಚಿತ್ರ ನೋಡುವಾಗ ಈ ವಿಳಂಬ ಬಹುಮಟ್ಟಿಗೆ ತಿಳಿಯದು. ಚಿತ್ರವನ್ನೂ ಅಷ್ಟೇ ತಡವಾಗಿ ತೋರಿಸಿ ಹೊಂದಿಸಲು ಸಾಧ್ಯವಿದೆ. ಆಟದಲ್ಲಿ ಹಾಗೆ ಮಾಡಲಾಗದು, ಏಕೆಂದರೆ ಮುಂದಿನ ಕ್ಷಣ ನಮ್ಮ ಬೆರಳು ಯಾವ ಗುಂಡಿಯನ್ನು ಒತ್ತುವುದೆಂದು ಯಂತ್ರಕ್ಕೆ ಗೊತ್ತಿಲ್ಲ. ಚೆಂಡು ಬ್ಯಾಟಿಗೆ ತಾಗಿದ ಮೇಲೆ ಸದ್ದು ಕೇಳುತ್ತದೆ. ತಾಳಕ್ಕೆ ತಕ್ಕಂತೆ ಒತ್ತುವ ಆಟಗಳಂತೂ ಆಡಲಾಗದಂತಾಗುತ್ತವೆ.

ಯಂತ್ರಗಳ ಸ್ವಭಾವವನ್ನೂ ಅರಿತಿರಬೇಕು. 2017ರಲ್ಲಿ ಬಂದ ಸ್ವಿಚ್‌ಗೆ ಬ್ಲೂಟೂತ್ ಧ್ವನಿಯ ಸೌಲಭ್ಯ ದೊರೆತದ್ದು 2021ರ ಸೆಪ್ಟೆಂಬರಿನಲ್ಲಿ. ಆಗಲೂ ಬ್ಲೂಟೂತ್ ಮೈಕ್ ಬಳಸಲು ಅವಕಾಶವಿರಲಿಲ್ಲ. ಪಕ್ಕದವರ ಯಂತ್ರದೊಡನೆ ನಿಸ್ತಂತುವಾಗಿ ಸೇರಿ ಆಡತೊಡಗಿದರೆ ಧ್ವನಿಯ ಸಂಪರ್ಕ ಕಡಿಯುತ್ತದೆ. 2023ರಲ್ಲಿ ಬಂದ ಪ್ಲೇಸ್ಟೇಷನ್ ಪೋರ್ಟಲ್‌ಗೆ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನುಗಳು ಕೂಡುವುದೇ ಇಲ್ಲ. ಇವೆಲ್ಲವುಗಳಲ್ಲೂ 3.5 ಮಿ.ಮೀ. ರಂಧ್ರ ಮಾತ್ರ ಇದೆ. ಹಿಂದೆ 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಯಂತ್ರಕ್ಕೆ ಆ ರಂಧ್ರವನ್ನೇ ಕೊಡದೆ, ಹೆಡ್‌ಫೋನಿಗಾಗಿ ಬೇರೆ ಅಡಾಪ್ಟರ್ ಕೊಳ್ಳಬೇಕಾಗಿತ್ತು. ಆ ತೊಂದರೆ ಇಂದಿಲ್ಲದಿರುವಾಗ ತಂತಿಯನ್ನು ಕಡೆಗಣಿಸುವುದೇಕೆ?

ನಮ್ಮ ಅಭಿಪ್ರಾಯದಲ್ಲಿ 500ರಿಂದ 1500 ರೂಪಾಯಿಯೊಳಗೆ ಕೊಳ್ಳುವವರಿಗೆ ತಂತಿಯ ಇಯರ್‌ಫೋನೇ ಲೇಸು. ಅದೇ ಬೆಲೆಯ ಬ್ಲೂಟೂತ್ ಸಾಧನದಲ್ಲಿ ಹಣವು ಬ್ಯಾಟರಿ, ಚಿಪ್, ಪೆಟ್ಟಿಗೆಗಳಿಗೆ ಹಂಚಿಹೋಗುತ್ತದೆ. ತಂತಿಯದರಲ್ಲಿ ಬಹುಪಾಲು ಧ್ವನಿಗೇ ಸಲ್ಲುತ್ತದೆ. ತಂತಿ ಬೇಡವೇ ಬೇಡ ಎನ್ನುವವರು 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನು ಅರಸಬೇಕು. ಅದರಲ್ಲಿ ವಿಳಂಬ ತೀರ ಕಡಿಮೆ, ಬೆಲೆ ಮಾತ್ರ ಹೆಚ್ಚು. ಟೈಪ್-ಸಿ ಇಯರ್‌ಫೋನುಗಳೂ ನಡೆಯುತ್ತವೆ. ಆದರೆ ಒಂದೇ ಟೈಪ್-ಸಿ ರಂಧ್ರವಿರುವ ಯಂತ್ರದಲ್ಲಿ ಕೇಳುತ್ತಲೇ ಚಾರ್ಜ್ ಮಾಡಲಾಗದು.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಕೆಲವು ಅಂಕೆಗಳನ್ನು ಓದಬೇಕು. ಪ್ರತಿರೋಧ 16ರಿಂದ 32 ಓಮ್ ಇದ್ದರೆ ಕೈಯಂತ್ರದ ಪುಟ್ಟ ಆಂಪ್ಲಿಫೈಯರ್ ಸಲೀಸಾಗಿ ನಡೆಸಬಲ್ಲದು. ಸ್ಟುಡಿಯೋಗಳಲ್ಲಿ ಬಳಸುವ 250 ಓಮ್‌ನವು ಇಲ್ಲಿ ಕ್ಷೀಣವಾಗಿ ಕೇಳಿಸುತ್ತವೆ. ಗೆಳೆಯರೊಡನೆ ಮಾತನಾಡುತ್ತ ಆಡುವವರಿಗೆ ಪ್ಲಗ್‌ನಲ್ಲಿ ಮೂರು ಕಪ್ಪು ಪಟ್ಟಿಗಳಿರಬೇಕು. ಎರಡೇ ಇದ್ದರೆ ಅದರಲ್ಲಿ ಮೈಕ್ ಇಲ್ಲವೆಂದರ್ಥ. ಮೂರು ಅಳತೆಯ ರಬ್ಬರ್ ತುದಿಗಳು ಜೊತೆಗಿರುವುದು ಅತಿ ಮುಖ್ಯ. ಬೇರ್ಪಡಿಸಬಹುದಾದ ತಂತಿಯಾದರೆ ಇನ್ನೂ ಉತ್ತಮ: ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮೊದಲು ಸಾಯುವುದು ತಂತಿಯೇ.

ರಬ್ಬರ್ ತುದಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಬಾಗಿಲು ತೆರೆದ ಲೋಕಲಿನ ಗದ್ದಲದಲ್ಲಿ ಆಟದ ಸದ್ದು ಕೇಳಬೇಕಾದರೆ ನಾವು ಧ್ವನಿಯನ್ನು ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಸುರಕ್ಷಿತ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 80ರಲ್ಲಿ 40 ಗಂಟೆಯಾದರೆ 83ರಲ್ಲಿ 20, 86ರಲ್ಲಿ 10. 90 ಡೆಸಿಬೆಲ್ ಮುಟ್ಟಿದರೆ ವಾರಕ್ಕೆ ಕೇವಲ 4 ಗಂಟೆ. ದಿನವೂ ಒಂದೊಂದು ಗಂಟೆ ರೈಲಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಈ ನಾಲ್ಕು ಗಂಟೆ ಬುಧವಾರದೊಳಗೆ ಮುಗಿದುಹೋಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಯಾವ ಅಂಗಡಿಯಲ್ಲಿಯೂ ಅವು ಬೆಲೆಗೆ ಸಿಗುವುದಿಲ್ಲ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿಯು ಹೊರಗಿನ ಸದ್ದನ್ನು ತಡೆಯುವುದರಿಂದ ಕಡಿಮೆ ಧ್ವನಿಯಲ್ಲೇ ಆಟ ಕೇಳಿಸುತ್ತದೆ. ಮಕ್ಕಳ ಸ್ವಿಚ್‌ನಲ್ಲಿ ಹೆಡ್‌ಫೋನಿನ ಗರಿಷ್ಠ ಧ್ವನಿಯನ್ನು ತಗ್ಗಿಸುವ ಆಯ್ಕೆಯಿದೆ. ಪಾಲಕರು ಅದನ್ನು ಮೊದಲ ದಿನವೇ ಹಾಕಿಡುವುದು ಒಳಿತು.

ಹೊರಗಿನ ಸದ್ದನ್ನು ತಡೆಯುವ ಈ ಗುಣವೇ ರೈಲುಹಳಿಯ ಬಳಿ ಮೃತ್ಯುವಾಗಬಲ್ಲದು. ದಾದರಿನಲ್ಲಿ ಪಶ್ಚಿಮದಿಂದ ಮಧ್ಯ ಮಾರ್ಗಕ್ಕೆ ದಾಟುವಾಗ ಇಯರ್‌ಫೋನ್ ಕಿಸೆಯಲ್ಲಿರಲಿ, ಹೆಜ್ಜೆ ಮೇಲ್ಸೇತುವೆಯ ಮೇಲಿರಲಿ. ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಅಪರಾಧ. ಕಿವಿ ಮುಚ್ಚಿಕೊಂಡು ಹಳಿಗಿಳಿದವನಿಗೆ ಹಿಂದಿನಿಂದ ಬರುವ ಗಾಡಿಯ ಸೀಟಿಯೂ ಕೇಳಿಸದು.

ಕೊಳ್ಳುವ ಸ್ಥಳದ ಬಗ್ಗೆ ಎರಡು ಮಾತು. ದಾದರ್ ನಿಲ್ದಾಣದ ಹೊರಗಿನ ಗಾಡಿಗಳ ಮೇಲೆ ನೂರಿನ್ನೂರಕ್ಕೆ ದೊರೆಯುವವುಗಳಲ್ಲಿ ಹೆಸರಾಂತ ಬ್ರಾಂಡುಗಳ ನಕಲುಗಳೂ ಇರುತ್ತವೆ. ಆಯ್ಕೆ ಬೇಕೆನ್ನುವವರಿಗೆ ನಿಧಾನ ಲೋಕಲಿನಲ್ಲಿ ಚರ್ಚ್‌ಗೇಟ್ ಕಡೆಗೆ ಐದನೆಯ ನಿಲ್ದಾಣವಾದ ಗ್ರಾಂಟ್ ರೋಡ್‌ನಲ್ಲಿಳಿದರೆ ಲ್ಯಾಮಿಂಗ್ಟನ್ ರೋಡ್ ಸಮೀಪವೇ ಇದೆ. ರವಿವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಆಟದ ಯಂತ್ರವನ್ನು ಜೊತೆಗೊಯ್ದು, ಅಂಗಡಿಯವರು ಒಪ್ಪಿದರೆ ಅಲ್ಲೇ ಜೋಡಿಸಿ ನೋಡಿರಿ. ಎಡಬಲಗಳು ಸರಿಯಾಗಿವೆಯೇ, ಪ್ಲಗ್ ತಿರುಗಿಸಿದಾಗ ಕರಕರ ಸದ್ದು ಬರುವುದೇ, ಗುಂಡಿ ಒತ್ತಿದ ಕ್ಷಣಕ್ಕೇ ಸದ್ದು ಕೇಳುವುದೇ ಎಂದು ಪರೀಕ್ಷಿಸಿರಿ. ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ವಿಳಾಸ ಇರಬೇಕು. ಬ್ಲೂಟೂತ್ ಸಾಧನವಾದರೆ ಬಿಐಎಸ್ ನೋಂದಣಿ ಸಂಖ್ಯೆಯೂ ಇರಬೇಕು. ಬಿಲ್ಲು ಪಡೆಯದೆ ಹೊರಬಾರದಿರಿ. ವಾರಂಟಿಯ ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಯಂತ್ರ ಹಳತಾದರೆ ಹೊಸದು ಬರುತ್ತದೆ, ಹೆಡ್‌ಫೋನ್ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಕಿವಿ ಮಾತ್ರ ಹುಟ್ಟಿನೊಡನೆ ಬಂದದ್ದೇ ಕೊನೆಯವರೆಗೆ ಬಾಳಬೇಕು. ಸಾವಿರ ರೂಪಾಯಿಯ ಆಯ್ಕೆಯಾದರೂ ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಕೊಳ್ಳಬೇಕೆಂಬುದು ನಮ್ಮ ವಿನಂತಿ.