ಸ್ನೂಕರ್ ಆಟದ ಶ್ರೇಯಾಂಕ ಪಂದ್ಯಾವಳಿ

ಸ್ನೂಕರ್ ಎಂಬ ಹೆಸರನ್ನು ಕೇಳಿದೊಡನೆ ಹೆತ್ತವರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರು. ಹೊಗೆ ತುಂಬಿದ ಕ್ಲಬ್ಬಿನ ಕೋಣೆ, ಪಣ, ಕಾಲಹರಣ ಇವೇ ಅವರ ಮನಸ್ಸಿಗೆ ಬರುವವು. ಈ ಸಂದೇಹವು ಪೂರ್ತಿಯಾಗಿ ನಿರಾಧಾರವೆಂದು ನಾನು ಹೇಳಲಾರೆನು. ಆದರೂ ಈ ಆಟವನ್ನು ವೃತ್ತಿಯಾಗಿ ಕೈಕೊಂಡವರು ತಮ್ಮ ಸ್ಥಾನವನ್ನು ಹೇಗೆ ಸಂಪಾದಿಸುವರು, ಹೇಗೆ ಕಳೆದುಕೊಳ್ಳುವರು ಎಂಬದನ್ನು ವಿಚಾರಿಸಿದರೆ, ಮಕ್ಕಳ ಅಂಕಪಟ್ಟಿಯಲ್ಲಿ ಮೊಟ್ಟಮೊದಲು “ಎಷ್ಟನೆಯ ಸ್ಥಾನ?” ಎಂದು ಹುಡುಕುವ ನಮಗೆಲ್ಲರಿಗೂ ಅದರಲ್ಲಿ ಕಲಿಯತಕ್ಕದ್ದು ಉಂಟು.

ಈ ಆಟವು ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1875ರಲ್ಲಿ ಜಬಲ್‌ಪುರದ ಬ್ರಿಟಿಷ್ ದಂಡಿನ ಅಧಿಕಾರಿ ನೆವಿಲ್ ಚೇಂಬರ್ಲೇನ್ ಎಂಬವರು ಇದನ್ನು ಕಲ್ಪಿಸಿದರೆಂದೂ, ಬಳಿಕ ಉದಕಮಂಡಲದ ಕ್ಲಬ್ಬಿನಲ್ಲಿ ಇದರ ನಿಯಮಗಳು ನೆಲೆಗೊಂಡವೆಂದೂ ಪ್ರತೀತಿ. ಹಸುರು ಬನಾತು ಹೊದಿಸಿದ, ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜು. ಅದರ ಅಂಚಿನಲ್ಲಿ ಆರು ಚೀಲಗಳು. 15 ಕೆಂಪು ಚೆಂಡುಗಳು, ಬೇರೆ ಬಣ್ಣದ ಆರು ಚೆಂಡುಗಳು. ಅವುಗಳನ್ನು ಹೊಡೆಯಲು ಒಂದು ಬಿಳಿ ಚೆಂಡು. ಕೆಂಪಿಗೆ 1 ಅಂಕ; ಹಳದಿಯಿಂದ ಕಪ್ಪಿನ ವರೆಗೆ ಕ್ರಮವಾಗಿ 2ರಿಂದ 7. ಮೊದಲು ಒಂದು ಕೆಂಪು, ಆಮೇಲೆ ಒಂದು ಬಣ್ಣ, ಹೀಗೆ ಚೀಲಕ್ಕೆ ಹಾಕುತ್ತಾ ಹೋಗಬೇಕು. ಪ್ರತಿಯೊಂದು ಕೆಂಪಿನ ಹಿಂದೆಯೂ ಕಪ್ಪನ್ನೇ ಹಾಕಿದರೆ 120, ಕೊನೆಗೆ ಉಳಿದ ಬಣ್ಣಗಳಿಂದ 27, ಒಟ್ಟು 147. ತೋಳಿನ ಬಲಕ್ಕಿಂತ ಕಣ್ಣಿನ ಲಕ್ಷ್ಯವೂ ಕೈಯ ಸ್ಥಿರತೆಯೂ ಮುಂದಾಲೋಚನೆಯೂ ಇಲ್ಲಿ ಬೇಕಾದವು. ತನ್ನಿಂದಾದ ತಪ್ಪು ಮಧ್ಯಸ್ಥನ ಕಣ್ಣಿಗೆ ಬೀಳದೆ ಹೋದರೂ ಆಟಗಾರನು ತಾನೇ ಅದನ್ನು ಒಪ್ಪಿಕೊಳ್ಳುವದು ಈ ಆಟದ ಒಳ್ಳೇ ರೂಢಿ.

ವೃತ್ತಿ ಆಟಗಾರರ ಶ್ರೇಯಾಂಕಪಟ್ಟಿಯು 1976ರಲ್ಲಿ ಆರಂಭವಾಯಿತು. ಆಗ ವಿಶ್ವ ಚಾಂಪಿಯನ್‌ಷಿಪ್ಪಿನ ಫಲವನ್ನು ಮಾತ್ರ ಎಣಿಸುತ್ತಿದ್ದರು. 1982ರಿಂದ ಬೇರೆ ಪಂದ್ಯಾವಳಿಗಳೂ ಸೇರಿದವು. ಹೀಗೆ ಲೆಕ್ಕಕ್ಕೆ ಬರುವ ಪಂದ್ಯಾವಳಿಗೇ ಶ್ರೇಯಾಂಕ ಪಂದ್ಯಾವಳಿ ಎಂದು ಹೆಸರು. ಲಂಡನ್ನಿನ ಮಾಸ್ಟರ್ಸ್ ಪಂದ್ಯಾವಳಿ ಬಹು ಪ್ರಸಿದ್ಧವಾದರೂ, ಪಟ್ಟಿಯ ಮೊದಲ 16 ಮಂದಿಗೆ ಮಾತ್ರ ಅಲ್ಲಿ ಆಮಂತ್ರಣ. ಆದದರಿಂದ ಅಲ್ಲಿಯ ಗೆಲವು ಶ್ರೇಯಾಂಕಕ್ಕೆ ಸೇರದು. 2014ರ ಬಳಿಕ ಪಂದ್ಯಗಳಲ್ಲಿ ಗೆದ್ದ ಬಹುಮಾನದ ಪೌಂಡುಗಳೇ ಅಂಕಗಳಾಗಿರುತ್ತವೆ. ಹಿಂದಿನ ಎರಡು ವರ್ಷಗಳ ಗಳಿಕೆಯನ್ನು ಕೂಡಿಸಿ ಸ್ಥಾನವನ್ನು ನಿರ್ಣಯಿಸುವರು. ಎರಡು ವರ್ಷ ತುಂಬಿದ ಗಳಿಕೆಯು ಹಣ್ಣೆಲೆಯಂತೆ ಕಳಚಿ ಬೀಳುವದು. ಋತುವಿನ ಕೊನೆಯಲ್ಲಿ ಮೊದಲ 64ರೊಳಗೆ ಇರುವವರ ಸ್ಥಾನವು ಭದ್ರ. ಕೆಳಗಿನವರಲ್ಲಿ ಎರಡು ವರ್ಷದ ಪರವಾನಗಿ ಮುಗಿದವರು ಅದನ್ನು ಪುನಃ ಬೇರೆ ದಾರಿಯಿಂದ ಸಂಪಾದಿಸಬೇಕು. ಹೋದ ವರ್ಷದ ಬಹುಮಾನವು ಈ ವರ್ಷದ ಪಾಠವನ್ನು ಓದಿಕೊಡದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇವುಗಳಲ್ಲಿ ಹಿರಿದಾದದ್ದು 1977ರಿಂದ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಕ್ರೂಸಿಬಲ್ ನಾಟಕಶಾಲೆಯಲ್ಲಿ ನಡೆಯುತ್ತ ಬಂದಿರುವ ವಿಶ್ವ ಚಾಂಪಿಯನ್‌ಷಿಪ್. ಅಗ್ರ 16 ಮಂದಿ ನೇರವಾಗಿ ಬರುವರು. ಇನ್ನು 16 ಮಂದಿ ಅರ್ಹತಾ ಪಂದ್ಯಗಳನ್ನು ಗೆದ್ದು ಬರುವರು. ಅಂತಿಮ ಪಂದ್ಯದಲ್ಲಿ 18 ಫ್ರೇಮುಗಳನ್ನು ಮೊದಲು ಗೆದ್ದವನೇ ಜಯಶಾಲಿ.

2025ರಲ್ಲಿ ಅಲ್ಲಿ ಗೆದ್ದವನು ಚೀನದ ಝಾವ್ ಶಿನ್‌ಟಾಂಗ್. ಈತನು ಪಂದ್ಯಗಳ ಮೇಲೆ ಪಣ ಕಟ್ಟಿದ್ದಕ್ಕಾಗಿಯೂ, ತಾನು ಸೋಲಲು ಆಡದಿದ್ದರೂ ಮತ್ತೊಬ್ಬನ ಅಕ್ರಮದಲ್ಲಿ ಪಾಲುಗೊಂಡದ್ದಕ್ಕಾಗಿಯೂ 20 ತಿಂಗಳು ಆಟದಿಂದ ಹೊರಗಿಡಲ್ಪಟ್ಟಿದ್ದನು. ಹೆತ್ತವರ ಸಂದೇಹಕ್ಕೆ ಆಧಾರವಿದೆಯೆಂದದ್ದು ಇಂಥವುಗಳಿಂದಲೇ. ಶಿಕ್ಷೆಯನ್ನು ಮುಗಿಸಿ ಹವ್ಯಾಸಿಯಾಗಿ ಮರಳಿದ ಅವನಿಗೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ನಾಲ್ಕು ಅರ್ಹತಾ ಪಂದ್ಯಗಳನ್ನೂ ಕ್ರೂಸಿಬಲ್ಲಿನ ಐದು ಪಂದ್ಯಗಳನ್ನೂ ಗೆದ್ದು, ಕೊನೆಯಲ್ಲಿ ಮಾರ್ಕ್ ವಿಲಿಯಮ್ಸರನ್ನು 18–12ರಿಂದ ಸೋಲಿಸಿ, 5,00,000 ಪೌಂಡು ಗಳಿಸಿ 11ನೆಯ ಸ್ಥಾನಕ್ಕೇರಿದನು. ದಂಡನೆಯನ್ನು ಮನ್ನಿಸಿ ಬಿಡಲಿಲ್ಲ, ಅದು ತೀರಿದ ಮೇಲೆ ಬಾಗಿಲನ್ನು ಮುಚ್ಚಲೂ ಇಲ್ಲ. ತಪ್ಪಿದ ಮಕ್ಕಳನ್ನು ತಿದ್ದುವವರು ಇವೆರಡನ್ನೂ ಗಮನಿಸತಕ್ಕದ್ದು.

ನಮ್ಮವರೂ ಈ ಪಂದ್ಯಾವಳಿಗಳಲ್ಲಿ ಹೆಸರು ಪಡೆದಿರುವರು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು 2013ರ ವೆಲ್ಷ್ ಓಪನ್ನಿನಲ್ಲಿ, ಶ್ರೇಯಾಂಕ ಪಂದ್ಯಾವಳಿಯೊಂದರ ಕೊನೆಯ ಎಂಟು ಮಂದಿಯೊಳಗೆ ಬಂದ ಮೊದಲ ಭಾರತೀಯರಾದರು. ಅದೇ ವರ್ಷ ದಿಲ್ಲಿಯಲ್ಲಿ ನಡೆದ ಇಂಡಿಯನ್ ಓಪನ್ನಿನಲ್ಲಿ ಮುಂಬಯಿಯ ಆದಿತ್ಯ ಮೆಹತಾ ಅವರು ಅಂತಿಮ ಪಂದ್ಯವನ್ನೇ ಮುಟ್ಟಿ, ಡಿಂಗ್ ಜುನ್‌ಹುಯಿ ಅವರಿಗೆ 0–5ರಿಂದ ಸೋತರು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಕೇಳುವದೇನೆಂದು ನಾನು ಬಲ್ಲೆನು: ಸ್ತ್ರೀಯರ ಸ್ಥಾನವೇನು? ನಿಯಮಗಳಲ್ಲಿ ಅವರಿಗೆ ಅಡ್ಡಿಯಿಲ್ಲ. ಅದೇ ಮೇಜು, ಅದೇ ಚೆಂಡುಗಳು. ಅಡ್ಡಿಯಿದ್ದದ್ದು ಕೋಣೆಯ ಬಾಗಿಲಿನಲ್ಲಿ. 1978ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡಿನ ಕ್ಲಬ್ಬೊಂದರಲ್ಲಿ ಹೆಂಗಸರು ಆಡಕೂಡದೆಂದು ತಡೆಯಲ್ಪಟ್ಟ ಶೀಲಾ ಕ್ಯಾಪ್‌ಸ್ಟಿಕ್ ಎಂಬಾಕೆಯು ಅದಕ್ಕೆದುರಾಗಿ ಚಳವಳಿಯನ್ನೇ ಹೂಡಬೇಕಾಯಿತು. 2013ರಲ್ಲಿ ರಿಯಾನ್ ಇವಾನ್ಸ್ ಅವರು ವುಷಿ ಕ್ಲಾಸಿಕ್ಕಿನ ಅರ್ಹತಾ ಪಂದ್ಯದಲ್ಲಿ ಥಾಯ್ಲೆಂಡಿನ ಆಟಗಾರನನ್ನು 5–4ರಿಂದ ಸೋಲಿಸಿ, ಶ್ರೇಯಾಂಕ ಪಂದ್ಯಾವಳಿಯ ಮುಖ್ಯ ಘಟ್ಟಕ್ಕೆ ಅರ್ಹತೆ ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ ನಮ್ಮ ಬೆಂಗಳೂರಿನ ವಿದ್ಯಾ ಪಿಳ್ಳೈ ಅವರು ಸಿಂಗಾಪುರದಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು 5–6ರಿಂದ, ಅಂದರೆ ಒಂದೇ ಫ್ರೇಮಿನಿಂದ, ಕಳೆದುಕೊಂಡರು. 2021ರಿಂದ ಮಹಿಳೆಯರ ಸ್ಪರ್ಧೆಗಳಲ್ಲಿ ಮುಂದೆ ಬಂದವರಿಗೆ ವೃತ್ತಿ ಆಟಗಾರರ ಸಾಲಿನಲ್ಲಿ ಸ್ಥಳವನ್ನು ಕೊಟ್ಟಿರುವರು. ಆದರೂ 2025ರ ವರೆಗೆ ಕ್ರೂಸಿಬಲ್ಲಿನ ಮುಖ್ಯ ಘಟ್ಟದಲ್ಲಿ ಯಾವ ಮಹಿಳೆಯೂ ಆಡಿದ್ದಿಲ್ಲ. ಇದು ಬಲದ ಕೊರತೆಯಲ್ಲ. ಎಳವೆಯಲ್ಲಿ ಹುಡುಗನ ಕೈಗೆ ಬರುವ ಕೋಲು ಹುಡುಗಿಯ ಕೈಗೆ ತಡವಾಗಿ ಬರುವದೇ ಕಾರಣವೆಂದು ನನ್ನ ಅಭಿಪ್ರಾಯ.

ಆದಕಾರಣ ಹೆತ್ತವರಲ್ಲಿ ನನ್ನ ಬಿನ್ನಹವಿಷ್ಟೇ. ಮಗಳ ಸ್ಥಾನವೆಷ್ಟೆಂದು ಕೇಳಿರಿ, ಅದು ತಪ್ಪಲ್ಲ. ಆದರೆ ಆ ಸ್ಥಾನವು ಎರಡು ವರ್ಷಗಳಲ್ಲಿ ಕಳಚಿ ಬೀಳತಕ್ಕದ್ದೆಂದು ಅವಳಿಗೆ ತಿಳಿಸಿರಿ. ಕೆಳಗೆ ಬಿದ್ದಿದ್ದರೆ ಅದೂ ಕಳಚಿ ಬೀಳುವದೆಂದು ಧೈರ್ಯ ಹೇಳಿರಿ. ಎಲ್ಲಕ್ಕಿಂತ ಮೊದಲು, ಅವಳನ್ನು ಮೇಜಿನ ಬಳಿಗೆ ಬರಗೊಡಿರಿ.