ಗಣಕದೊಳಗಿನ ಟಪಾಲು ಕಚೇರಿ

ಕಂದಲಗಾಂವದಿಂದ ಅಕ್ಕಲಕೋಟೆಗೆ ಕಾಗದ ಬರೆದು ಟಪಾಲು ಪೆಟ್ಟಿಗೆಗೆ ಹಾಕಿದವನು, ಓದುವವರು ಮನೆಯಲ್ಲಿರುವರೋ ಇಲ್ಲವೋ ಎಂದು ಅಲ್ಲಿಯೇ ಕಾಯುತ್ತ ನಿಲ್ಲುವುದಿಲ್ಲ. ಗಣಕಯಂತ್ರಗಳು ಪರಸ್ಪರ ಕಳುಹುವ ಸಂದೇಶಗಳಿಗೂ ಇಂಥದೇ ಕಚೇರಿಯುಂಟು. ಅದಕ್ಕೆ ‘ಮೆಸೇಜ್ ಬ್ರೋಕರ್’ ಎಂದು ಹೆಸರು. ಈ ದಲಾಲನು ದಲಾಲಿ ಮಾತ್ರ ಕೇಳುವುದಿಲ್ಲ!

2007ರಲ್ಲಿ ಹೊರಬಂದ ‘ರ್‍ಯಾಬಿಟ್‌ಎಂಕ್ಯೂ’ ಇವುಗಳಲ್ಲಿ ಪ್ರಸಿದ್ಧವಾದುದು. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಸರ್ವರಿನಲ್ಲಿ ‘ಆಪ್ಟ್’ ಎಂಬ ಆಜ್ಞೆಯಿಂದ ಅದನ್ನು ಸ್ಥಾಪಿಸಬಹುದು. ಜೊತೆಗೆ ಬರುವ ‘ಗೆಸ್ಟ್’ ಎಂಬ ಬಳಕೆದಾರ ಹೆಸರು ಆ ಯಂತ್ರದೊಳಗಿನಿಂದ ಮಾತ್ರ ನಡೆಯುತ್ತದೆ. ಹೊರಗಿನವರಿಗೆ ಬೇರೆ ಹೆಸರನ್ನೂ ಗುಪ್ತಪದವನ್ನೂ ಕೊಡತಕ್ಕದ್ದು.

ವಿದ್ಯುತ್ತು ಹೋದರೆ ಗತಿಯೇನು? ಸಂದೇಶಗಳು ಕಾಯುವ ಸರದಿಯನ್ನು ‘ಡ್ಯೂರಬಲ್’ ಎಂದು ಸ್ಥಾಪಿಸಿದರೆ ಪೆಟ್ಟಿಗೆಯೇನೋ ಉಳಿಯುತ್ತದೆ, ಒಳಗಿನ ಕಾಗದಗಳು ಉಳಿಯುವುದಿಲ್ಲ. ಸಂದೇಶಗಳನ್ನೂ ‘ಪರ್ಸಿಸ್ಟೆಂಟ್’ ಎಂದು ಗುರುತಿಸಿದರೆ ಮಾತ್ರ ಬ್ರೋಕರ್ ಅವುಗಳನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಹೊಸಬರು ಬಹುಶಃ ಮರೆಯುವುದು ಇದನ್ನೇ.

ಇನ್ನು ಸ್ವೀಕೃತಿಯ ಮಾತು. ಹಿಂದಿನ ರಿಜಿಸ್ಟರ್ ಟಪಾಲಿನ ಸ್ವೀಕೃತಿ ಚೀಟಿಯಂತೆ, ಪಡೆದ ಯಂತ್ರವು ಕೆಲಸ ಮುಗಿಸಿದ ಮೇಲೆ ‘ಮುಟ್ಟಿತು’ ಎಂದು ತಿಳಿಸಬೇಕು. ಅದಕ್ಕೆ ಮೊದಲೇ ಸಂಪರ್ಕ ಕಡಿದರೆ ಸಂದೇಶವು ಸರದಿಗೆ ಮರಳುತ್ತದೆ. ಆದುದರಿಂದ ಒಂದೇ ಸಂದೇಶ ಎರಡು ಸಲ ಬರುವುದೂ ಉಂಟು. ಒಬ್ಬ ವಿದ್ಯಾರ್ಥಿಯ ಶುಲ್ಕವು ಎರಡು ಸಲ ಜಮೆಯಾಗದಂತೆ, ಲೆಕ್ಕವಿಡುವ ಯಂತ್ರವು ಪ್ರತಿಯೊಂದು ಸಂದೇಶದ ಕ್ರಮಸಂಖ್ಯೆಯನ್ನು ನೋಡಿಯೇ ಬರೆದುಕೊಳ್ಳಬೇಕು.