ಹೊರಟದ್ದೆಲ್ಲ ಮುಟ್ಟಿದ್ದಲ್ಲ

ಲೋಹದ ತಗಡಿನಲ್ಲಿ ಸಾಲಾಗಿ ತೂತು ಕೊರೆಯುವ ಯಂತ್ರವೊಂದನ್ನು ತೆಗೆದುಕೊಳ್ಳೋಣ. ತಗಡನ್ನು ಹಿಡಿದಿರುವ ಮೇಜನ್ನು ಸರ್ವೋ ಮೋಟರು ಬಾಲ್ ಸ್ಕ್ರೂ ತಿರುಗಿಸಿ ಸರಿಸುತ್ತದೆ. ಮೇಜು ನಿಂತ ಮೇಲೆ ಡ್ರಿಲ್ ಇಳಿಯಬೇಕು. ಇಷ್ಟನ್ನು ಮಾಡಿಸುವುದು ಅಂಗೈಯಗಲದ ಎಲೆಕ್ಟ್ರಾನಿಕ್ ಹಲಗೆ, ಮೋಷನ್ ಕಂಟ್ರೋಲರ್. ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಜೇಕಬ್ ತಾಲ್ ಮತ್ತು ವೇಯ್ನ್ ಬ್ಯಾರನ್ ಕಟ್ಟಿದ ಗ್ಯಾಲಿಲ್ ಕಂಪನಿಯ ಕಂಟ್ರೋಲರ್‌ಗಳಿಗಾದರೆ ಬಹುತೇಕ ಎಲ್ಲವನ್ನೂ ಎರಡೆರಡು ಅಕ್ಷರದ ಆಜ್ಞೆಗಳಲ್ಲೇ ಹೇಳಬಹುದು. ಕಲಿಯಲು ಇಷ್ಟು ಸುಲಭವಾದ ಯಂತ್ರಭಾಷೆ ಕಡಿಮೆ. ಎಡವುವುದೂ ಅಷ್ಟೇ ಸುಲಭ.

ಕಂಟ್ರೋಲರ್‌ಗೆ ಮಿಲಿಮೀಟರ್ ಗೊತ್ತಿಲ್ಲ, ಗೊತ್ತಿರುವುದು ಎಣಿಕೆ ಮಾತ್ರ. ಮೋಟರಿನ ಹಿಂಬದಿಯ ಎನ್‌ಕೋಡರ್‌ನಲ್ಲಿ ಸುತ್ತಿಗೆ 1000 ಗೆರೆಗಳಿದ್ದರೆ, ಎರಡು ಚಾನಲ್‌ಗಳ ಏರಿಳಿತವನ್ನೆಲ್ಲ ಹಿಡಿದು ಅದು 4000 ಎಣಿಕೆ ಮಾಡಿಕೊಳ್ಳುತ್ತದೆ. ಸ್ಕ್ರೂ ಸುತ್ತಿಗೆ 5 ಮಿಲಿಮೀಟರ್ ಸರಿದರೆ ಒಂದು ಎಣಿಕೆ ಅಂದರೆ 1.25 ಮೈಕ್ರಾನ್. ಮೇಜು 50 ಮಿಲಿಮೀಟರ್ ಸರಿಯಬೇಕೆಂದರೆ ಹೀಗೆ ಬರೆಯುತ್ತೇವೆ:

ಪಿಆರ್ 40000
ಎಸ್‌ಪಿ 20000
ಎಸಿ 100000
ಡಿಸಿ 100000
ಬಿಜಿ
ಎಸ್‌ಬಿ 1

ಮೊದಲ ಸಾಲು ಈಗಿರುವಲ್ಲಿಂದ ಎಷ್ಟು ದೂರ ಎಂಬುದನ್ನು ಹೇಳುತ್ತದೆ. ಆಮೇಲಿನವು ವೇಗ, ವೇಗ ಏರುವ ಪರಿ, ಇಳಿಯುವ ಪರಿ. ಬಿಜಿ ಅಂದರೆ ಹೊರಡು. ಎಸ್‌ಬಿ 1 ಅಂದರೆ ಮೊದಲನೇ ಔಟ್‌ಪುಟ್ ಆನ್ ಮಾಡು, ಅಂದರೆ ಡ್ರಿಲ್ ಇಳಿಸು. ಲೆಕ್ಕ ಹಾಕಿದರೆ ಮೇಜು 0.2 ಸೆಕೆಂಡು ವೇಗ ಪಡೆದು, 1.8 ಸೆಕೆಂಡು ಒಂದೇ ವೇಗದಲ್ಲಿ ಸಾಗಿ, ಮತ್ತೆ 0.2 ಸೆಕೆಂಡಿನಲ್ಲಿ ನಿಲ್ಲುತ್ತದೆ. ಒಟ್ಟು 2.2 ಸೆಕೆಂಡು.

ಓದಲು ಸರಿಯಾಗಿಯೇ ಇದೆ. ಆದರೆ ಹೀಗೇ ಓಡಿಸಿದರೆ ಡ್ರಿಲ್ ಬಿಟ್ ಮುರಿಯುತ್ತದೆ. ಬಿಜಿ ಚಲನೆಯನ್ನು ಶುರು ಮಾಡಿಸುತ್ತದೆಯೇ ಹೊರತು ಮುಗಿಯುವ ತನಕ ಕಾಯುವುದಿಲ್ಲ. ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತದೆ. ಮೇಜಿಗೆ ಇನ್ನೂ ಎರಡು ಸೆಕೆಂಡಿನ ದಾರಿ ಉಳಿದಿರುವಾಗಲೇ ಡ್ರಿಲ್ ಇಳಿಯುತ್ತದೆ.

ಅದಕ್ಕೇ ನಡುವೆ ಎಎಂ ಎಂಬ ಸಾಲು ಸೇರಿಸಬೇಕು: ಚಲನೆ ಮುಗಿದ ಮೇಲೆ ಮುಂದುವರಿ. ಇಲ್ಲೊಂದು ಸೂಕ್ಷ್ಮವಿದೆ, ನನಗೆ ಈ ಇಡೀ ಭಾಷೆಯಲ್ಲಿ ಅತ್ಯಂತ ಇಷ್ಟವಾದದ್ದೂ ಅದೇ. ಎಎಂ ಕಾಯುವುದು ಕಂಟ್ರೋಲರ್ ಮನಸ್ಸಿನಲ್ಲಿ ಹಾಕಿಕೊಂಡ ಚಲನೆಯ ನಕ್ಷೆ ಮುಗಿಯುವುದಕ್ಕೆ. ನಿಜವಾದ ಮೇಜು ಆ ಹೊತ್ತಿಗೆ ಕೆಲವು ಎಣಿಕೆ ಹಿಂದೆಯೇ ಇರಬಹುದು. ಎನ್‌ಕೋಡರ್ ಕೂಡ ಗುರಿ ತಲುಪಿದೆ ಎಂದು ಖಾತ್ರಿಯಾಗಬೇಕಾದರೆ ಎಂಸಿ ಎಂದು ಬರೆಯಬೇಕು. ಡ್ರಿಲ್‌ನಂಥ ಕೆಲಸಕ್ಕೆ ನಾನಾದರೆ ಎಂಸಿಯನ್ನೇ ಆರಿಸಿಕೊಳ್ಳುತ್ತೇನೆ.

ನಕ್ಷೆಗೂ ಮೇಜಿಗೂ ಇರುವ ಈ ಅಂತರವನ್ನು ಟಿಇ ಎಂದು ಕೇಳಿದರೆ ಕಂಟ್ರೋಲರ್ ಎಣಿಕೆಗಳಲ್ಲಿ ಹೇಳುತ್ತದೆ. ಅದನ್ನು ತಗ್ಗಿಸುವುದೇ ಅದರ ನಿತ್ಯದ ಉದ್ಯೋಗ. ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ಅದು ಎರಡನ್ನೂ ಹೋಲಿಸಿ ಮೋಟರಿಗೆ ಕೊಡುವ ಬಲವನ್ನು ತಿದ್ದುತ್ತದೆ. ಕೆಪಿ ಅಂತರಕ್ಕೆ ತಕ್ಕಂತೆ ಎಳೆಯುವ ಸ್ಪ್ರಿಂಗ್. ಕೆಡಿ ಅದರ ತೂಗಾಟವನ್ನು ಅಡಗಿಸುತ್ತದೆ. ಘರ್ಷಣೆಯಿಂದ ಕೊನೆಗೆ ಉಳಿದುಬಿಡುವ ಚೂರುಪಾರು ಅಂತರವನ್ನು ಕೆಐ ಮೆಲ್ಲಗೆ ತೀರಿಸುತ್ತದೆ.

ಅಂತರ ಕೈಮೀರಿ ಹೋದರೆ? ಮಿತಿ ಹಾಕಲು ಇಆರ್ ಇದೆ. ಕಾರ್ಖಾನೆಯಿಂದ ಬರುವಾಗ ಅದರ ಬೆಲೆ 16384 ಎಣಿಕೆ. ನಮ್ಮ ಮೇಜಿನಲ್ಲಿ ಅದು 20 ಮಿಲಿಮೀಟರ್‌ಗೂ ಹೆಚ್ಚು! ಸಾಲದ್ದಕ್ಕೆ, ಮಿತಿ ದಾಟಿದರೂ ಮೋಟರು ತಾನಾಗಿ ಆಫ್ ಆಗುವುದಿಲ್ಲ. ಅದಕ್ಕೆ ಒಇ 1 ಎಂದು ಬರೆದಿರಬೇಕು. ಹೊಸ ಯಂತ್ರಕ್ಕೆ ಮೊದಲ ಸಲ ಕರೆಂಟು ಕೊಡುವವರು ಪಿಆರ್, ಬಿಜಿಗಳಿಗೆ ಮುಂಚೆ ಈ ಎರಡು ಸಾಲು ಬರೆಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೋಟರಿನ ತಂತಿ ಉಲ್ಟಾ ಸೇರಿಸಿದ್ದರೆ ಅಂತರ ತಗ್ಗಿಸಲು ಕೊಟ್ಟ ಬಲವೇ ಅಂತರವನ್ನು ಹೆಚ್ಚಿಸುತ್ತದೆ, ಹೆಚ್ಚಿದ ಅಂತರ ಮತ್ತಷ್ಟು ಬಲ ಕೇಳುತ್ತದೆ, ಮೇಜು ಹುಚ್ಚೆದ್ದು ಒಂದು ತುದಿಗೆ ನುಗ್ಗುತ್ತದೆ. ಇಆರ್ 100, ಒಇ 1 ಎಂದು ಮೊದಲೇ ಬರೆದಿದ್ದರೆ ಅಂತರ 0.125 ಮಿಲಿಮೀಟರ್ ದಾಟಿದ ಕೂಡಲೇ ಮೋಟರಿಗೆ ಕರೆಂಟು ಕಟ್. ಆಮೇಲೆ ತಂತಿ ಅದಲುಬದಲು ಮಾಡಬಹುದು, ಇಲ್ಲವೇ ಎಂಟಿ -1 ಎಂದು ಬರೆದು ದಿಕ್ಕನ್ನೇ ತಿರುಗಿಸಬಹುದು.